ಆಸ್ಪತ್ರೆಯಿಂದ ಬಚ್ಚಲುಮನೆಗೆ

ನಮ್ಮ ಮನೆಗಳಲ್ಲಿರುವ ಸಾಮಾನುಗಳ ಪೂರ್ವೋತ್ತರವನ್ನು ವಿಚಾರಿಸುತ್ತ ಹೋದರೆ ಕೆಲವು ಹೊಲದಿಂದ ಬಂದವು, ಕೆಲವು ಕಾಡಿನಿಂದ ಬಂದವು ಎಂದು ತಿಳಿಯುತ್ತದೆ. ಸೀಗೆಕಾಯಿ, ಅಂಟವಾಳ, ಕಡಲೆಹಿಟ್ಟು ಈ ವರ್ಗಕ್ಕೆ ಸೇರಿದವು. ಆದರೆ ‘ಕ್ರಿಮಿಗಳನ್ನು ಕೊಲ್ಲುವ ಸಾಬೂನು’ ಎಂದು ನಾವು ಕೊಂಡು ತರುತ್ತೇವಲ್ಲ, ಅದರ ತವರು ಆಸ್ಪತ್ರೆ. ಆಸ್ಪತ್ರೆಯಲ್ಲಿ ಅದು ಒಳ್ಳೆಯ ಹೆಸರು ಸಂಪಾದಿಸಿತು. ಆ ಹೆಸರಿನ ಬಲದಿಂದಲೇ ಬಚ್ಚಲುಮನೆಗೂ ಪ್ರವೇಶ ಪಡೆಯಿತು. ಬಂದ ಮೇಲೆ ಇಲ್ಲಿ ಅದು ಮಾಡುವ ಕೆಲಸವೇನು ಎಂದು ಬಹುಕಾಲದವರೆಗೆ ಯಾರೂ ಸರಿಯಾಗಿ ವಿಚಾರಿಸಲಿಲ್ಲ. ಈ ಪ್ರವೇಶದ ಚರಿತ್ರೆಯನ್ನು ಓದುತ್ತ ಹೋದಾಗ ನನಗೆ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ಕಥೆ 1865ರ ಆಗಸ್ಟ್ ತಿಂಗಳಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯೊಂದರಲ್ಲಿ ಆರಂಭವಾಗುತ್ತದೆ. ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಹುಡುಗನ ಕಾಲಿನ ಮೇಲೆ ಗಾಡಿಯ ಚಕ್ರ ಹರಿದು ಮೂಳೆ ಮುರಿದಿತ್ತು; ಚರ್ಮವೂ ಸೀಳಿ ಗಾಯವಾಗಿತ್ತು. ಅಂಥ ಗಾಯ ಕೊಳೆಯದೆ ಇರುವುದೇ ಅಪರೂಪವಾಗಿದ್ದ ಕಾಲ ಅದು. ಕಾಲನ್ನು ಕತ್ತರಿಸಿ ತೆಗೆಯುವುದು, ಅಷ್ಟಾದ ಮೇಲೂ ಪ್ರಾಣ ಉಳಿಯುವುದೋ ಇಲ್ಲವೋ ಎಂದು ಕಾಯುವುದು, ಇದೇ ಶಸ್ತ್ರವೈದ್ಯರ ವಾಡಿಕೆ. ಜೋಸೆಫ್ ಲಿಸ್ಟರನು ಆ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಕಟ್ಟಿದನು. ಕಲ್ಲಿದ್ದಲಿನ ಟಾರಿನಿಂದ ಈ ದ್ರವ್ಯವನ್ನು ರುಂಗೆ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು 1834ರಲ್ಲೇ ಬೇರ್ಪಡಿಸಿದ್ದನು. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ವಾಸನೆಯನ್ನು ಅಡಗಿಸಲು ಅದನ್ನು ಬಳಸುತ್ತಿದ್ದರೆಂಬ ಸುದ್ದಿ ಲಿಸ್ಟರನ ಕಿವಿಗೆ ಬಿದ್ದಿತ್ತು. ಚರಂಡಿಯ ಮದ್ದು ಹುಡುಗನ ಕಾಲನ್ನು ಉಳಿಸಿತು. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. 1867ರಲ್ಲಿ ಲಿಸ್ಟರನು ತನ್ನ ಅನುಭವವನ್ನು ಪ್ರಕಟಿಸಿದನು. ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಹೊಸ ಯುಗವೊಂದು ತೆರೆಯಿತು. ಅವನಿಗೆ ಸಲ್ಲಬೇಕಾದ ಕೀರ್ತಿಯಲ್ಲಿ ಕೂದಲೆಳೆಯಷ್ಟನ್ನೂ ಕಡಿಮೆ ಮಾಡುವ ಉದ್ದೇಶ ನನಗಿಲ್ಲ.

ಆದರೆ ಲಿಸ್ಟರನಿಗೆ ತನ್ನ ಮದ್ದಿನ ಮೇಲೆ ಕುರುಡು ಮೋಹವಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಗಾಳಿಯಲ್ಲಿರುವ ರೋಗಾಣುಗಳನ್ನು ಕೊಲ್ಲಲೆಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೆಲ್ಲ ಕಾರ್ಬಾಲಿಕ್ ತುಂತುರನ್ನು ಹಾರಿಸುವ ಯಂತ್ರವೊಂದನ್ನು ಅವನು ಬಳಕೆಗೆ ತಂದಿದ್ದನು. ವೈದ್ಯರ ಕೈ ಸುಲಿಯುತ್ತಿತ್ತು, ಎದೆ ಉರಿಯುತ್ತಿತ್ತು. ಅದರಿಂದ ಪ್ರಯೋಜನವಿಲ್ಲವೆಂದು ಮನಗಂಡಾಗ, 1890ರಲ್ಲಿ, ತಾನೇ ಮುಂದಾಗಿ ಅದನ್ನು ಕೈಬಿಟ್ಟನು. ಅದಾದ ನಾಲ್ಕು ವರ್ಷಕ್ಕೆ ಇಂಗ್ಲೆಂಡಿನ ಲೀವರ್ ಸಹೋದರರು ಕಾರ್ಬಾಲಿಕ್ ಸೇರಿಸಿದ ಕೆಂಪು ಸಾಬೂನನ್ನು ಮಾರುಕಟ್ಟೆಗೆ ತಂದರು. ಹಡಗಿನಿಂದ ಬಿದ್ದವನಿಗೆ ಎಸೆಯುವ ತೇಲುಬಳೆಯ ಹೆಸರನ್ನೇ ಅದಕ್ಕಿಟ್ಟರು: ಲೈಫ್‌ಬಾಯ್. ಆ ಸಾಬೂನಿನ ವಾಸನೆ ನಮ್ಮ ದೇಶದ ಎಷ್ಟು ತಲೆಮಾರುಗಳ ಬಚ್ಚಲುಮನೆಗಳಲ್ಲಿ ತುಂಬಿತ್ತೆಂಬುದನ್ನು ಹಳಬರಿಗೆ ನಾನು ಹೇಳಬೇಕಾಗಿಲ್ಲ. ಅದು ಸುವಾಸನೆಯಲ್ಲ, ಆದರೂ ಆ ಘಾಟು ಮೂಗಿಗೆ ಬಡಿದರೆ ‘ಮೈ ಶುದ್ಧವಾಯಿತು’ ಎನ್ನಿಸುತ್ತಿತ್ತು. ಆಸ್ಪತ್ರೆಯ ವಾಸನೆಯೇ ಶುದ್ಧಿಯ ವಾಸನೆ ಎಂಬ ಭಾವನೆ ಜನಮನದಲ್ಲಿ ಬೇರೂರಿದ್ದು ಆಗಲೇ.

ಬೆಂಗಳೂರಿನವರಿಗೆ ಈ ಭಾವನೆ ಬೇರೂರಲು ಇನ್ನೊಂದು ಕಾರಣವೂ ಇತ್ತು. 1898ರ ಆಗಸ್ಟ್‌ನಲ್ಲಿ ಊರಿಗೆ ಪ್ಲೇಗು ಬಂತು. ಮನೆಗಳ ನೆಲ ಗೋಡೆಗಳನ್ನೆಲ್ಲ ಕ್ರಿಮಿಹರ ದ್ರಾವಣಗಳಿಂದ ತೊಳೆಸಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದಕ್ಕೆ ಆ ಭಯವೇ ಮುಖ್ಯ ಕಾರಣವೆನ್ನಬಹುದು. ಆದರೆ ಅದೇ ವರ್ಷದ ಜೂನ್ ತಿಂಗಳಲ್ಲಿ, ಅಂದರೆ ಬೆಂಗಳೂರಿಗೆ ಪಿಡುಗು ತಟ್ಟುವುದಕ್ಕೆ ಎರಡು ತಿಂಗಳ ಮೊದಲು, ಸಿಮಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕುಳಿತು ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಕಂಡುಹಿಡಿದಿದ್ದನು. ಅವನ ಮಾತನ್ನು ಲೋಕ ಒಪ್ಪಲು ಹಲವು ವರ್ಷಗಳು ಬೇಕಾದವು. ಗೋಡೆ ತೊಳೆದದ್ದರಿಂದ ಚಿಗಟಕ್ಕೆ ಹೆಚ್ಚೇನೂ ಬಾಧಕವಿರಲಿಲ್ಲ. ‘ಇಲಿ ಬಿತ್ತು’ ಎಂದೊಡನೆ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ನಮ್ಮ ಹಳ್ಳಿಗರ ಲೆಕ್ಕಾಚಾರವೇ ಹೆಚ್ಚು ಸರಿಯಾಗಿತ್ತೆಂದು ತೋರುತ್ತದೆ. ಇರಲಿ. ಕರಾಚಿಯ ಹೆಸರು ಈ ಕಥೆಯಲ್ಲಿ ಮತ್ತೊಮ್ಮೆ ಬರುವುದರಿಂದ ಓದುಗರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾರ್ಬಾಲಿಕ್‌ಗೆ ಘಾಟು ಇತ್ತು. ಚರ್ಮಕ್ಕೆ ಅದು ಒರಟು. ಘಾಟಿಲ್ಲದ, ಮೃದುವಾದ ಕ್ರಿಮಿಹರವೊಂದು ಸಿಕ್ಕಿದರೆ ವ್ಯಾಪಾರಕ್ಕೆ ಮಿತಿಯೇ ಇರಲಾರದಷ್ಟೆ. ಅದು ಸಿಕ್ಕಿದ್ದು ಸುಗಂಧದ್ರವ್ಯಗಳನ್ನು ತಯಾರಿಸುವ ಜೀವೊಡಾನ್ ಎಂಬ ಸ್ವಿಸ್ ಸಂಸ್ಥೆಗೆ. ಅಮೆರಿಕದಲ್ಲಿದ್ದ ಆ ಸಂಸ್ಥೆಯ ರಸಾಯನಶಾಸ್ತ್ರಜ್ಞ ವಿಲಿಯಂ ಗಂಪ್ 1941ರಲ್ಲಿ ಹೆಕ್ಸಾಕ್ಲೋರೊಫೀನ್ ಎಂಬ ವಸ್ತುವಿಗೆ ಪೇಟೆಂಟು ಪಡೆದನು. ಷಿಕಾಗೋ ನಗರದ ದೊಡ್ಡ ಮಾಂಸದ ವ್ಯಾಪಾರಿಗಳಾದ ಆರ್ಮರ್ ಕಂಪನಿಯವರು 1948ರಲ್ಲಿ ಅದನ್ನು ಸಾಬೂನಿಗೆ ಬೆರೆಸಿ ಡಯಲ್ ಎಂಬ ಹೆಸರಿನಲ್ಲಿ ಹೊರತಂದರು. ಮಾಂಸದ ಅಂಗಡಿಯವರಿಗೂ ಸಾಬೂನಿಗೂ ಏನು ಸಂಬಂಧವೆಂದು ಕೇಳಬೇಡಿ, ಕೊಬ್ಬಿಲ್ಲದೆ ಸಾಬೂನಿಲ್ಲ. ಡಯಲ್ ಎಂದರೆ ಗಡಿಯಾರದ ಮುಖ. ಹಗಲಿರುಳೂ ಮೈ ನಾರದಂತೆ ಕಾಯುವ ಸಾಬೂನೆಂಬುದು ಅದರ ತಾತ್ಪರ್ಯ. ಮೊದಲ ಜಾಹಿರಾತನ್ನು ಷಿಕಾಗೋದ ಪತ್ರಿಕೆಯಲ್ಲಿ ಪರಿಮಳ ಬೆರೆಸಿದ ಮಸಿಯಲ್ಲಿ ಅಚ್ಚು ಹಾಕಿಸಿದರಂತೆ. ಗಮನಿಸಬೇಕಾದದ್ದೇನೆಂದರೆ ರೋಗದ ಮಾತು ಅಲ್ಲಿ ಮುಖ್ಯವಾಗಿರಲಿಲ್ಲ. ಬೆವರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ವಾಸನೆ ಹುಟ್ಟುತ್ತದೆ, ಆ ವಾಸನೆ ನಿಮ್ಮ ಮೂಗಿಗಲ್ಲದಿದ್ದರೂ ಪಕ್ಕದವರ ಮೂಗಿಗೆ ಹೊಡೆಯುತ್ತದೆ ಎಂಬ ನಾಚಿಕೆಯನ್ನು ಮಾರಿದರು. ನಾಚಿಕೆ ಚೆನ್ನಾಗಿ ಮಾರಾಟವಾಯಿತು.

ಇದೇ ಹೆಕ್ಸಾಕ್ಲೋರೊಫೀನ್ ಆಸ್ಪತ್ರೆಯಲ್ಲಿ ನಿಜವಾದ ಉಪಕಾರವನ್ನೂ ಮಾಡುತ್ತಿತ್ತು. 1950ರ ದಶಕದಲ್ಲಿ ಹೆರಿಗೆ ಆಸ್ಪತ್ರೆಗಳ ಶಿಶುಕೊಠಡಿಗಳಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವಿನ ಹಾವಳಿಯಿತ್ತು. ಕೂಸುಗಳಿಗೆ 100ಕ್ಕೆ 3 ಭಾಗ ಹೆಕ್ಸಾಕ್ಲೋರೊಫೀನ್ ಇರುವ ದ್ರಾವಣದಲ್ಲಿ ಮೀಯಿಸಿದರೆ ಹಾವಳಿ ತಗ್ಗುತ್ತಿತ್ತು. ಆಸ್ಪತ್ರೆಯಲ್ಲಿ ಕೂಸಿಗೆ ಒಳ್ಳೆಯದಾದದ್ದು ಮನೆಯಲ್ಲಿ ಕೆಟ್ಟದ್ದಾದೀತೆ? ಹೀಗೆ ಅದು ಪೌಡರುಗಳಿಗೂ ಮುಖದ ಲೇಪಗಳಿಗೂ ಹೊಕ್ಕಿತು. 1971ರಲ್ಲಿ ಇಲಿಗಳಿಗೆ ಈ ವಸ್ತುವನ್ನು ತಿನ್ನಿಸಿ ನೋಡಿದಾಗ ಅವುಗಳ ಮಿದುಳಿನ ಬಿಳಿಯ ಭಾಗ ತೂತುತೂತಾಗಿ ಜಾಲರಿಯಂತಾಗಿದ್ದುದು ಕಂಡುಬಂತು. ಮೀಯಿಸಿದ ಕೂಸುಗಳ ರಕ್ತದಲ್ಲೂ ಅದು ಸಿಕ್ಕಿತು. ಅಂದರೆ ಚರ್ಮದ ಮೇಲೆಯೇ ಉಳಿಯುವುದೆಂದು ನಂಬಿದ್ದ ವಸ್ತು ಒಳಗೆ ಇಳಿಯುತ್ತಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಕೂಸುಗಳನ್ನು ಅದರಲ್ಲಿ ಮೀಯಿಸಬಾರದೆಂದು ಎಚ್ಚರಿಸಿತು. ಎಚ್ಚರಿಕೆಯ ಬೆನ್ನಿಗೇ ಕೆಲವು ಶಿಶುಕೊಠಡಿಗಳಲ್ಲಿ ಹಳೆಯ ರೋಗಾಣು ಮರುಕಳಿಸಿದ್ದೂ ಉಂಟು. ಈ ಚರಿತ್ರೆಯಲ್ಲಿ ರಾಕ್ಷಸರನ್ನು ಹುಡುಕುವವರಿಗೆ ಇದು ಅಡ್ಡಿಯಾಗುವ ಸಂಗತಿ. ಆದರೂ ಹೇಳದೆ ಬಿಡುವುದು ನ್ಯಾಯವಲ್ಲ.

ಮುಂದಿನ ವರ್ಷ ಫ್ರಾನ್ಸಿನಲ್ಲಿ ನಡೆದದ್ದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಎಳೆಯ ಮಕ್ಕಳ ಮೈಗೆ ಹಚ್ಚುವ ಮೋರಾಂಜ್ ಎಂಬ ಪೌಡರಿನ ಒಂದು ತಯಾರಿಕೆಯಲ್ಲಿ ಕಾರ್ಖಾನೆಯವರ ಪ್ರಮಾದದಿಂದ 100ಕ್ಕೆ 6 ಭಾಗಕ್ಕೂ ಮಿಕ್ಕು ಹೆಕ್ಸಾಕ್ಲೋರೊಫೀನ್ ಬೆರೆತುಹೋಯಿತು. 204 ಮಕ್ಕಳು ಕಾಯಿಲೆ ಬಿದ್ದರು. 36 ಮಕ್ಕಳು ತೀರಿಕೊಂಡರು. ಮಗುವಿನ ತೊಡೆಸಂದಿ ಕೆಂಪಾಯಿತೆಂದು ತಾಯಂದಿರು ಇನ್ನಷ್ಟು ಪೌಡರು ಹಾಕಿದರೆಂದು ಊಹಿಸಿಕೊಂಡರೆ ಸಾಕು. 1972ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರಕಾರ ಹೆಕ್ಸಾಕ್ಲೋರೊಫೀನನ್ನು ವೈದ್ಯರ ಚೀಟಿಯಿಲ್ಲದೆ ಕೊಡಕೂಡದೆಂದು ಕಟ್ಟುಮಾಡಿತು. ಮನೆಗೆ ಬಂದಿದ್ದ ಅತಿಥಿ ಮತ್ತೆ ಆಸ್ಪತ್ರೆಗೆ ಹಿಂದಿರುಗಿದಂತಾಯಿತು.

ಕಥೆ ಅಲ್ಲಿಗೆ ಮುಗಿಯಿತೆಂದು ನಾನೂ ಎಣಿಸಿದ್ದೆ. ಆದರೆ ಸಾಬೂನು ಬಳಸುವ ಮನೆಯಿಂದ ಅದರೊಳಗಿನ ವಸ್ತುವನ್ನು ತಯಾರಿಸುವ ಊರಿಗೆ ಹೋದರೆ ಇನ್ನೊಂದು ಅಧ್ಯಾಯವೇ ಇದೆ. ಹೆಕ್ಸಾಕ್ಲೋರೊಫೀನನ್ನು ಮಾಡಲು ಟ್ರೈಕ್ಲೋರೊಫೀನಾಲ್ ಬೇಕು. ಅದನ್ನು ಕಾಯಿಸುವಾಗ ಡಯಾಕ್ಸಿನ್ ಎಂಬ ಘೋರ ವಿಷ ಅಡಿಯಲ್ಲಿ ಗಸಿಯಾಗಿ ಉಳಿಯುತ್ತದೆ. ಅಮೆರಿಕದ ಮಿಸ್ಸೂರಿ ಪ್ರಾಂತದ ವೆರೋನ ಎಂಬಲ್ಲಿ ಹೀಗೆ ಹೆಕ್ಸಾಕ್ಲೋರೊಫೀನ್ ತಯಾರಿಸುವ ಕಾರ್ಖಾನೆಯೊಂದಿತ್ತು. ಅದರ ಗಸಿಯನ್ನು ಸಾಗಿಸುವ ಕೆಲಸ ಹಳೆಯ ಎಣ್ಣೆಯ ವ್ಯಾಪಾರಿಯೊಬ್ಬನ ಕೈಗೆ ಬಂತು. ಅವನು ಅದನ್ನು ಸುಟ್ಟ ಎಣ್ಣೆಯ ಜತೆ ಬೆರೆಸಿ, ಧೂಳು ಏಳದಿರಲೆಂದು ಕುದುರೆ ಲಾಯಗಳ ಅಂಗಳಕ್ಕೂ ಊರುಗಳ ಮಣ್ಣು ರಸ್ತೆಗಳಿಗೂ ಸಿಂಪಡಿಸುತ್ತ ಹೋದನು. 1971ರಲ್ಲಿ ಒಂದು ಲಾಯದಲ್ಲಿ ಮೊದಲು ಗುಬ್ಬಚ್ಚಿಗಳು ಸತ್ತು ಬಿದ್ದವು, ಬಳಿಕ ಕುದುರೆಗಳು, ಆ ಮಣ್ಣಿನಲ್ಲಿ ಆಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಆಸ್ಪತ್ರೆ ಸೇರಿದಳು. ವಿಷ ಯಾವುದೆಂದು ಗೊತ್ತಾಗಲು 1974 ಆಯಿತು. ಆ ವೇಳೆಗೆ ಸೇಂಟ್ ಲೂಯಿ ನಗರದ ಬಳಿ, ಮೆರಮೆಕ್ ನದಿಯ ದಂಡೆಯ ಮೇಲಿದ್ದ ಟೈಮ್ಸ್ ಬೀಚ್ ಎಂಬ ಪುಟ್ಟ ಪಟ್ಟಣದ ರಸ್ತೆಗಳಿಗೂ ಎಣ್ಣೆ ಬಿದ್ದಿತ್ತು. ಸುಮಾರು 2000 ಜನರಿದ್ದ ಊರು. ರಸ್ತೆಗೆ ಟಾರು ಹಾಕಿಸಲು ಹಣವಿರಲಿಲ್ಲ, ಅಷ್ಟೇ ಅದರ ಅಪರಾಧ. 1982ರ ಡಿಸೆಂಬರಿನಲ್ಲಿ ಮಣ್ಣಿನ ಪರೀಕ್ಷೆ ನಡೆಯುತ್ತಿರುವಾಗಲೇ ನದಿ ಉಕ್ಕಿ ಊರೊಳಗೆ ಬಂತು. 1983ರ ಫೆಬ್ರುವರಿಯಲ್ಲಿ ಸರಕಾರ ಇಡೀ ಊರನ್ನೇ ಕ್ರಯಕ್ಕೆ ತೆಗೆದುಕೊಳ್ಳುವುದಾಗಿ ಸಾರಿತು. 1985ರಲ್ಲಿ ಊರಿನ ಹೆಸರನ್ನು ದಫ್ತರದಿಂದ ತೆಗೆದುಹಾಕಿದರು. ವಿಷಮಣ್ಣನ್ನು ಸುಟ್ಟದ್ದು 1996 ಮತ್ತು 1997ರಲ್ಲಿ. ಈಗ ಅಲ್ಲೊಂದು ಉದ್ಯಾನವನವಿದೆ.

ಇಟಲಿಯ ಸೆವೆಸೋ ದುರಂತವೂ ಇದೇ ಬಳ್ಳಿಯ ಕಾಯಿ. 1976ರ ಜುಲೈ 10ರ ಶನಿವಾರ ಮಧ್ಯಾಹ್ನ ಕಾರ್ಖಾನೆಯ ಪಾತ್ರೆಯೊಂದರ ಒತ್ತಡ ಮೀರಿ ಡಯಾಕ್ಸಿನ್ ಕೂಡಿದ ಮೋಡ ಊರಿನ ಮೇಲೆ ಹರಡಿತು. ಸುಮಾರು 190 ಜನರ, ಅವರಲ್ಲೂ ಹೆಚ್ಚಾಗಿ ಮಕ್ಕಳ, ಮೈಮೇಲೆ ಮಾಯದ ಗುಳ್ಳೆಗಳೆದ್ದವು. ಕೋಳಿ ಮೊಲಗಳು ಸಾವಿರಗಟ್ಟಲೆ ಸತ್ತವು, ಇನ್ನೂ ಹೆಚ್ಚನ್ನು ಕೊಲ್ಲಬೇಕಾಯಿತು. ಆ ಕಾರ್ಖಾನೆಯಲ್ಲಿ ಅಂದು ಕಾಯುತ್ತಿದ್ದುದು ಟ್ರೈಕ್ಲೋರೊಫೀನಾಲ್. ಅದರ ಒಡೆತನ ಜೀವೊಡಾನ್ ಸಂಸ್ಥೆಯದು. ಸೆವೆಸೋ ಎಂದೊಡನೆ ನಮಗೆ ಯುದ್ಧ, ಕಳೆನಾಶಕ ಇತ್ಯಾದಿ ನೆನಪಾಗುತ್ತವೆಯೇ ಹೊರತು ಸಾಬೂನು ನೆನಪಾಗುವುದಿಲ್ಲ.

ಹೆಕ್ಸಾಕ್ಲೋರೊಫೀನ್ ಖಾಲಿ ಮಾಡಿದ ಪೀಠ ಬಹಳ ದಿನ ಖಾಲಿ ಉಳಿಯಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದವರೇ 1960ರ ದಶಕದಲ್ಲಿ ಟ್ರೈಕ್ಲೋಸಾನ್ ಎಂಬ ಇನ್ನೊಂದು ವಸ್ತುವನ್ನು ರೂಪಿಸಿದ್ದರು. 1972ರ ಸುಮಾರಿಗೆ ಅದು ಶಸ್ತ್ರವೈದ್ಯರು ಕೈ ತೊಳೆಯುವ ದ್ರಾವಣವಾಗಿ ಆಸ್ಪತ್ರೆ ಸೇರಿತು. ಅಲ್ಲಿಂದ ಅದೇ ಹಳೆಯ ಹಾದಿ: ಕೈಸಾಬೂನು, ಪಾತ್ರೆ ತೊಳೆಯುವ ದ್ರವ, ತರಕಾರಿ ಹೆಚ್ಚುವ ಮಣೆ, ಕಾಲುಚೀಲ, ಮಕ್ಕಳ ಆಟಿಗೆ. ಇಸವಿ 2000ದ ಸುಮಾರಿಗೆ ಅಮೆರಿಕದ ಅಂಗಡಿಗಳಲ್ಲಿ ಎಣಿಸಿ ನೋಡಿದಾಗ ದ್ರವ ಸಾಬೂನುಗಳಲ್ಲಿ 100ಕ್ಕೆ 76ರಲ್ಲಿ ಇಂಥ ಕ್ರಿಮಿಹರ ವಸ್ತುಗಳಿದ್ದವು. ಹಲ್ಲುಜ್ಜುವ ಪೇಸ್ಟೊಂದರಲ್ಲಿ ಮಾತ್ರ ಅದರ ವಿಷಯ ಬೇರೆ. ಅಲ್ಲಿ ಅದನ್ನು ಔಷಧವೆಂದು ಪರಿಗಣಿಸಿ, ಒಸಡಿನ ಊತ ಕಡಿಮೆಯಾಗುವುದನ್ನು ತೋರಿಸಿದ ಮೇಲೆಯೇ 1997ರಲ್ಲಿ ಅನುಮತಿ ಕೊಟ್ಟರು. ಪುರಾವೆ ಕೇಳಿದಲ್ಲಿ ಪುರಾವೆ ಒದಗಿತು. ಸಾಬೂನಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಕೇಳಿರಲಿಲ್ಲ.

ಟ್ರೈಕ್ಲೋಸಾನ್ ರೋಗಾಣುವಿನ ಗೋಡೆಯನ್ನು ಎಲ್ಲ ಕಡೆಯಿಂದಲೂ ಒಡೆಯುತ್ತದೆ, ಆದಕಾರಣ ಅದಕ್ಕೆ ರೋಗಾಣು ಎಂದಿಗೂ ಒಗ್ಗಿಕೊಳ್ಳಲಾರದು ಎಂದು ತಿಳಿದಿದ್ದರು. 1998ರಲ್ಲಿ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾನಿಲಯದ ಸ್ಟುವರ್ಟ್ ಲೆವಿಯವರೂ ಅವರ ಸಂಗಡಿಗರೂ ಈ ನಂಬಿಕೆಯನ್ನು ಅಲುಗಿಸಿದರು. ಸೂಕ್ಷ್ಮಜೀವಿ ತನ್ನ ಮೈಯ ಕೊಬ್ಬನ್ನು ಕಟ್ಟಿಕೊಳ್ಳಲು ಬಳಸುವ ಒಂದೇ ಒಂದು ಕಿಣ್ವಕ್ಕೆ ಟ್ರೈಕ್ಲೋಸಾನ್ ಬೀಗ ಹಾಕುತ್ತದೆ. ಆ ಕಿಣ್ವ ತುಸು ರೂಪ ಬದಲಿಸಿದರೆ ಬೀಗ ಹಿಡಿಯುವುದಿಲ್ಲ. ಕ್ಷಯರೋಗದ ಪ್ರಮುಖ ಔಷಧವಾದ ಐಸೊನಯಾಜಿಡ್ ಹಾಕುವ ಬೀಗವೂ ಇದೇ ಮನೆತನದ ಕಿಣ್ವಕ್ಕೆ. ಕ್ಷಯ ಇನ್ನೂ ನೆರೆಮನೆಯಲ್ಲಿರುವ ನಮ್ಮಂಥ ದೇಶದವರಿಗೆ ಈ ಸುದ್ದಿ ದೂರದ್ದಲ್ಲ.

ಇಲ್ಲಿ ನಮ್ಮ ಬೆಂಗಳೂರಿನ ಹೆಸರನ್ನು ಹೇಳುವ ಸಂತೋಷ ನನಗಿದೆ. 2001ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರದ ನಮಿತಾ ಸುರೋಲಿಯಾ ಅವರೂ ಭಾರತೀಯ ವಿಜ್ಞಾನ ಮಂದಿರದ ಅವಧೇಶ ಸುರೋಲಿಯಾ ಅವರೂ ಮಲೇರಿಯದ ಪರೋಪಜೀವಿಯಲ್ಲೂ ಇಂಥದೇ ಕಿಣ್ವವಿರುವುದನ್ನು ಕಂಡು, ಟ್ರೈಕ್ಲೋಸಾನ್ ಅದನ್ನು ತಡೆಯುತ್ತದೆಂದೂ ಮಲೇರಿಯ ತಗುಲಿದ ಇಲಿಗಳನ್ನು ಉಳಿಸುತ್ತದೆಂದೂ ತೋರಿಸಿದರು. ಅದು ಔಷಧವಾಗಿ ಜನರ ಕೈಗೆ ಬರಲಿಲ್ಲವೆಂಬುದು ಬೇರೆ ಮಾತು. ಆದರೆ ಆ ಸಂಶೋಧನೆಯನ್ನು ಓದಿದಾಗ ನನಗೆ ಒಂದು ವಿಚಾರ ಹೊಳೆಯಿತು: ಇಷ್ಟು ಗುರಿಯಿಟ್ಟು ಹೊಡೆಯಬಲ್ಲ ಬಾಣವನ್ನು ನಾವು ಪಾತ್ರೆ ತೊಳೆಯಲು ಬಳಸುತ್ತಿದ್ದೆವು.

ತೊಳೆದ ನೀರು ಹೋಗುವುದೆಲ್ಲಿಗೆ? ಅಮೆರಿಕದ ಭೂವಿಜ್ಞಾನ ಇಲಾಖೆ 139 ಹೊಳೆತೊರೆಗಳ ನೀರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಟ್ರೈಕ್ಲೋಸಾನ್ ಇತ್ತು. 2003 ಮತ್ತು 2004ರಲ್ಲಿ ಅಲ್ಲಿಯ ಜನರ ಮೂತ್ರವನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಮೂವರ ಮೈಯೊಳಗೇ ಅದು ಇತ್ತು. ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದು ಕಾವೇರಿಯಲ್ಲೂ ತಾಮ್ರಪರ್ಣಿಯಲ್ಲೂ ಅದನ್ನು ಕಂಡಿದೆ. ಬಿಸಿಲು ಬಿದ್ದಾಗ ನೀರಿನಲ್ಲಿರುವ ಟ್ರೈಕ್ಲೋಸಾನಿನ ಒಂದಂಶ ಡಯಾಕ್ಸಿನ್ ಕುಲದ ವಸ್ತುವಾಗಿ ಮಾರ್ಪಡುತ್ತದೆ. ಇದು ಸೆವೆಸೋದ ವಿಷದಷ್ಟು ಉಗ್ರವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಮಿನ್ನೆಸೋಟ ವಿಶ್ವವಿದ್ಯಾನಿಲಯದವರು ಮಿಸಿಸಿಪಿ ನದಿಯ ಪೆಪಿನ್ ಸರೋವರದ ತಳದ ಕೆಸರನ್ನು ಪದರ ಪದರವಾಗಿ ತೆಗೆದು ನೋಡಿದಾಗ, ಬೇರೆ ಡಯಾಕ್ಸಿನ್‌ಗಳು ಇಳಿಯುತ್ತ ಬಂದಿದ್ದ ಮೂರು ದಶಕಗಳಲ್ಲಿ ಸಾಬೂನಿನಿಂದ ಹುಟ್ಟಿದ ಡಯಾಕ್ಸಿನ್ ಮಾತ್ರ ಏರುತ್ತ ಬಂದಿತ್ತು. ನಮ್ಮ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ ಎಲ್ಲರೂ ನೋಡಿದರು. ಇದು ನೊರೆಯಿಲ್ಲದೆ ಬರುವ ಸಂಗತಿ.

ಇಷ್ಟಾದರೂ ಮೂಲ ಪ್ರಶ್ನೆ ಉಳಿದೇ ಇತ್ತು: ಮನೆಯಲ್ಲಿ ಅದರಿಂದ ಪ್ರಯೋಜನವುಂಟೆ? ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಎಲೇನ್ ಲಾರ್ಸನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 238 ಮನೆಗಳನ್ನು ಆರಿಸಿ, ಅರ್ಧ ಮನೆಗಳಿಗೆ ಕ್ರಿಮಿಹರ ಸಾಬೂನು ಮುಂತಾದವನ್ನೂ ಉಳಿದವಕ್ಕೆ ಸಾದಾ ಸಾಬೂನನ್ನೂ ಕೊಟ್ಟು 48 ವಾರ ಗಮನಿಸಿದರು. ಯಾರಿಗೆ ಯಾವುದು ಬಂದಿದೆಯೆಂಬುದು ಮನೆಯವರಿಗೆ ತಿಳಿಯದು. 2004ರಲ್ಲಿ ಫಲಿತಾಂಶ ಹೊರಬಂತು: ನೆಗಡಿ, ಕೆಮ್ಮು, ಜ್ವರ, ಭೇದಿ ಯಾವುದರಲ್ಲೂ ವ್ಯತ್ಯಾಸವಿಲ್ಲ. ಅದೇ ಮನೆಗಳಲ್ಲಿ ಒಂದು ವರ್ಷದೊಳಗೆ ರೋಗಾಣುಗಳು ಔಷಧಕ್ಕೆ ಒಗ್ಗಿಕೊಂಡದ್ದೂ ಎದ್ದು ಕಾಣಲಿಲ್ಲವೆಂಬುದನ್ನು ಇನ್ನೊಂದು ತಕ್ಕಡಿಯಲ್ಲಿ ಹಾಕಬೇಕು.

ಅನುಕೂಲಸ್ಥ ನಗರದ ಮಾತು ಅದು, ಕೊಳಚೆಯ ನಡುವೆ ಬದುಕುವವರಿಗೆ ಬಲವಾದ ಸಾಬೂನು ಬೇಡವೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಕರಾಚಿಯಿಂದ ಬಂತು. 2002 ಮತ್ತು 2003ರಲ್ಲಿ ಅಲ್ಲಿಯ ಬಡವರ 36 ಕೇರಿಗಳಲ್ಲಿ ಸ್ಟೀಫನ್ ಲೂಬಿಯವರು ನಡೆಸಿದ ಪ್ರಯೋಗದಲ್ಲಿ 25 ಕೇರಿಗಳ ಮನೆಗಳಿಗೆ ಸಾಬೂನು ಕೊಟ್ಟು, ಕೈ ತೊಳೆಯುವ ಕ್ರಮವನ್ನು ವಾರವಾರವೂ ಹೇಳಿಕೊಟ್ಟರು. ಕೆಲವರಿಗೆ ಕ್ರಿಮಿಹರ ಸಾಬೂನು, ಕೆಲವರಿಗೆ ಸಾದಾ ಸಾಬೂನು. ಸಾಬೂನು ಕಂಪನಿಯ ನೆರವಿನಿಂದಲೇ ನಡೆದ ಪ್ರಯೋಗ. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯ ಅರ್ಧಕ್ಕೆ ಇಳಿಯಿತು. ಹದಿನೈದರ ಒಳಗಿನವರಲ್ಲಿ ಭೇದಿ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಇದಕ್ಕಿಂತ ದೊಡ್ಡ ಪವಾಡವನ್ನು ಯಾವ ಮದ್ದು ಮಾಡೀತು? ಆದರೆ ಸಾದಾ ಸಾಬೂನು ಕೊಟ್ಟ ಮನೆಗಳಲ್ಲೂ ಕ್ರಿಮಿಹರ ಸಾಬೂನು ಕೊಟ್ಟ ಮನೆಗಳಲ್ಲೂ ಇಳಿತ ಒಂದೇ ಸಮ. ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಜಿಡ್ಡಿನ ಜತೆಗೆ ರೋಗಾಣುವೂ ಕಿತ್ತು ಬಂದು ನೀರಿನ ಪಾಲಾಗುತ್ತದೆ. ಹೊರಗೆ ಹೋಗಿಬಿಟ್ಟವನನ್ನು ಕೊಲ್ಲುವ ಗೊಡವೆ ಏಕೆ? 2020ರಲ್ಲಿ ಕೊರೋನ ಬಂದಾಗ ವೈದ್ಯರು ಲೋಕಕ್ಕೆಲ್ಲ ಹೇಳಿದ್ದೂ ಸಾದಾ ಸಾಬೂನಿನ ಹೆಸರನ್ನೇ.

ಇನ್ನು ಕಾನೂನಿನ ಮಾತು. ಇಂಥ ಸಾಬೂನುಗಳಿಗೆ ನಿಯಮ ರಚಿಸುವ ಕೆಲಸವನ್ನು ಅಮೆರಿಕದ ಇಲಾಖೆ 1974ರಲ್ಲಿ ಆರಂಭಿಸಿತು. 1978ರಲ್ಲಿ ಒಂದು ಕರಡು, 1994ರಲ್ಲಿ ಮತ್ತೊಂದು ಕರಡು. ನಮ್ಮ ಕಚೇರಿಗಳ ನಿಧಾನವನ್ನು ಹಳಿಯುವವರು ಇದನ್ನು ಗಮನಿಸಬೇಕು. 2010ರಲ್ಲಿ ಪರಿಸರವಾದಿಗಳು ನ್ಯಾಯಾಲಯಕ್ಕೆ ಹೋದ ಮೇಲೆ ಕಡತ ಚಲಿಸಿತು. 2013ರಲ್ಲಿ ಇಲಾಖೆ ತಯಾರಕರನ್ನು ಕೇಳಿತು: ದಿನನಿತ್ಯ ಬಳಸಿದರೂ ಇದು ಅಪಾಯವಲ್ಲವೆಂದೂ ಸಾದಾ ಸಾಬೂನು ನೀರಿಗಿಂತ ಮೇಲೆಂದೂ ತೋರಿಸಿ. ಸಾಕಷ್ಟು ಪುರಾವೆ ಬರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ವಸ್ತುಗಳನ್ನು ಮನೆಬಳಕೆಯ ಸಾಬೂನುಗಳಿಂದ ತೆಗೆಯಬೇಕೆಂದು ಆಜ್ಞೆಯಾಯಿತು. ಆಸ್ಪತ್ರೆಯ ಬಳಕೆಗೆ ಆ ಆಜ್ಞೆ ಅನ್ವಯಿಸಲಿಲ್ಲ. ಪೇಸ್ಟಿನವರು 2019ರಲ್ಲಿ ತಾವಾಗಿಯೇ ಅದನ್ನು ಬಿಟ್ಟರು.

ಮೂರು ವಸ್ತುಗಳ ತೀರ್ಪನ್ನು ಮಾತ್ರ ಅಂದು ಕಾದಿರಿಸಿದರು: ಬೆಂಜಾಲ್ಕೋನಿಯಮ್ ಕ್ಲೋರೈಡ್, ಬೆಂಜೆಥೋನಿಯಮ್ ಕ್ಲೋರೈಡ್, ಕ್ಲೋರೊಕ್ಸೈಲೆನಾಲ್. ಪುರಾವೆ ಒದಗಿಸಲು ತಯಾರಕರಿಗೆ ಮೊದಲು ಒಂದು ವರ್ಷದ ವಾಯಿದೆ ಕೊಟ್ಟರು. ಆ ವಾಯಿದೆ ತೀರಿದಾಗ ಮತ್ತೆ ಮುಂದಕ್ಕೆ ಹಾಕಿದರು. ಟ್ರೈಕ್ಲೋಸಾನ್ ಹೋದ ಜಾಗಕ್ಕೆ ಹೆಚ್ಚಾಗಿ ಬಂದು ಕುಳಿತದ್ದು ಮೊದಲನೆಯದು. ಮೂರನೆಯದು ನಮಗೆ ಹಳೆಯ ಪರಿಚಯ. ನೀರಿಗೆ ನಾಲ್ಕು ಹನಿ ಬಿಟ್ಟರೆ ಹಾಲಿನಂತೆ ಬಿಳುಪಾಗುವ, ಗಾಯ ತೊಳೆಯಲೆಂದು ನಮ್ಮ ಮನೆಗಳ ಕಪಾಟಿನಲ್ಲಿ ಅಜ್ಜಂದಿರ ಕಾಲದಿಂದಲೂ ಕುಳಿತಿರುವ ಡೆಟಾಲ್ ಶೀಷೆಯಲ್ಲಿರುವುದು ಅದೇ.